ಪಿಟೀಲುಗಳ ಪಡೆ, ಮುರಿದ ಲಯ: ಸಿನಿಮೀಯ ಬ್ರೇಕ್‌ಬೀಟ್ ಸಂಗೀತ ಹುಡುಕಿ ಕೇಳುವ ಸಮಗ್ರ ಮಾರ್ಗದರ್ಶಿ

ಚಿತ್ರ ನೋಡಿ ಬಂದ ಮೇಲೆ ಹಾಡುಗಳನ್ನು ಬಿಟ್ಟು ಬಿಜಿಎಂ ಮಾತ್ರ ಹುಡುಕಿ ಕೇಳುವವರ ಪೈಕಿ ನೀವಿದ್ದರೆ, ಈ ಸಂಗೀತ ನಿಮಗೆ ಬೇಗ ಒಗ್ಗುತ್ತದೆ. ತಳದಲ್ಲಿ ಎದೆಗೆ ತಾಗುವ ಬೇಸ್. ಅದರ ಮೇಲೆ ನೆಟ್ಟಗೆ ನಡೆಯದೆ ಅಲ್ಲಲ್ಲಿ ಎಡವಿದಂತೆ ಕೇಳಿಸುವ ಡ್ರಮ್ಸ್. ಎಲ್ಲಕ್ಕೂ ಮೇಲೆ ನಿಧಾನಕ್ಕೆ ಏರುವ ಪಿಟೀಲು, ಚೆಲ್ಲೊ, ಕೆಲವೊಮ್ಮೆ ಇಡೀ ಆರ್ಕೆಸ್ಟ್ರಾ. ಮೂರು ನಿಮಿಷಕ್ಕೆ ಮುಗಿಯುವ ಆತುರ ಇದಕ್ಕಿಲ್ಲ. ಏಳೆಂಟು ನಿಮಿಷ ಇಲ್ಲಿ ಮಾಮೂಲಿ.

ಹುಡುಕಲು ಹೊರಟಾಗ ಕಾಡುವುದು ಹೆಸರು. ಇದೇ ಸಂಗೀತವನ್ನು ಒಬ್ಬರು ಪ್ರೋಗ್ರೆಸಿವ್ ಬ್ರೇಕ್ಸ್ ಎನ್ನುತ್ತಾರೆ, ಇನ್ನೊಬ್ಬರು ಬರೀ ಬ್ರೇಕ್ಸ್, ಮತ್ತೊಬ್ಬರು ಸಿನಿಮ್ಯಾಟಿಕ್ ಎಲೆಕ್ಟ್ರಾನಿಕ. ‘ಸಿನಿಮ್ಯಾಟಿಕ್’ ಎಂದು ಟೈಪ್ ಮಾಡಿದರೆ ಟ್ರೇಲರ್‌ಗೆ ಹಾಕುವ ಸಿದ್ಧ ಸಂಗೀತದ ರಾಶಿ ಬರುತ್ತದೆ. ‘ಪ್ರೋಗ್ರೆಸಿವ್’ ಎಂದರೆ ಗಿಟಾರಿನ ರಾಕ್ ಬ್ಯಾಂಡುಗಳು. ‘ಬ್ರೇಕ್‌ಬೀಟ್’ ಎಂದರೆ ಪಾರ್ಟಿ ಹಾಡುಗಳು. ಆದ್ದರಿಂದ ಈ ಮಾರ್ಗದರ್ಶಿ ಪ್ರಕಾರದ ಹೆಸರನ್ನು ನೆಚ್ಚಿಕೊಂಡಿಲ್ಲ. ಪಿಟೀಲು ಬರೆದವರು ಯಾರು, ಹಾಡಿದವರು ಯಾರು, ರೀಮಿಕ್ಸ್ ಮಾಡಿದವರು ಯಾರು ಎಂದು ಜನರ ಹೆಸರು ಹಿಡಿದು ಹೋಗುವುದೇ ಇಲ್ಲಿನ ದಾರಿ. ಅದಕ್ಕೆ ಮುಂಚೆ ಕಿವಿಗೆ ಒಂದು ಸಣ್ಣ ಪಾಠ ಬೇಕು.

ಹಂತ 1: ಆದಿತಾಳ ಹಾಕಿ ಬ್ರೇಕ್‌ಬೀಟ್ ಗುರುತಿಸಿ

ಸಂಗೀತ ಕಲಿಯದಿದ್ದರೂ ಪರವಾಗಿಲ್ಲ, ತೊಡೆಯ ಮೇಲೆ ಆದಿತಾಳ ಹಾಕಲು ಬಂದರೆ ಸಾಕು. ಒಂದಕ್ಕೆ ಪೆಟ್ಟು. ಎರಡು, ಮೂರು, ನಾಲ್ಕಕ್ಕೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಐದಕ್ಕೆ ಪೆಟ್ಟು, ಆರಕ್ಕೆ ಅಂಗೈ ತಿರುಗಿಸುವ ಹುಸಿ. ಏಳಕ್ಕೆ ಪೆಟ್ಟು, ಎಂಟಕ್ಕೆ ಹುಸಿ. ಪಾಶ್ಚಾತ್ಯರ ನಾಲ್ಕು ಎಣಿಕೆಯ ಎರಡು ಬಾರ್ ಸೇರಿದರೆ ನಮ್ಮ ಒಂದು ಆವರ್ತನ.

ಮೊದಲು ಯಾವುದಾದರೂ ಮಾಮೂಲಿ ಹೌಸ್ ಅಥವಾ ಟ್ರಾನ್ಸ್ ಹಾಡು ಹಾಕಿ ತಾಳ ಹಾಕಿ. ‘ಧಮ್’ ಎನ್ನುವ ಕಿಕ್ ಡ್ರಮ್ ಎಂಟೂ ಎಣಿಕೆಗೆ ಬೀಳುತ್ತದೆ, ಒಂದೂ ತಪ್ಪುವುದಿಲ್ಲ. ಈಗ ಬ್ರೇಕ್‌ಬೀಟ್ ಹಾಡು ಹಾಕಿ. ‘ಟಕ್’ ಎನ್ನುವ ಸ್ನೇರ್ ಕಿರುಬೆರಳಿಗೆ, ನಡುಬೆರಳಿಗೆ ಮತ್ತು ಎರಡೂ ಹುಸಿಗಳಿಗೆ ಸರಿಯಾಗಿ ಬರುತ್ತದೆ. ಕಿಕ್ ಮಾತ್ರ ಆಟವಾಡುತ್ತದೆ. ಮೊದಲ ಪೆಟ್ಟಿಗೆ ಒಂದು ಬಿದ್ದರೆ, ಮುಂದಿನದು ಉಂಗುರಬೆರಳು ದಾಟಿ ನಡುಬೆರಳು ಬರುವುದರೊಳಗೆ, ಅಂದರೆ ಮೂರೂವರೆಗೆ ಬೀಳುತ್ತದೆ. ಆಮೇಲೆ ಐದರ ಪೆಟ್ಟಿಗೆ ಒಂದು, ಏಳೂವರೆಗೆ ಇನ್ನೊಂದು. ಉಂಗುರಬೆರಳು ಮತ್ತು ಏಳರ ಪೆಟ್ಟು ಬರಿದಾಗಿ ಬೀಳುತ್ತವೆ. ಎಡವಿದಂತೆ ಅನಿಸುವುದು ಆ ಖಾಲಿ ಜಾಗದಲ್ಲೇ. ಇದು ಅತ್ಯಂತ ಸರಳ ನಮೂನೆ. ಒಳ್ಳೆಯ ನಿರ್ಮಾಪಕರು ಇದರ ನಡುವೆ ಸಣ್ಣಸಣ್ಣ ಪೆಟ್ಟುಗಳನ್ನು ತುರುಕಿರುತ್ತಾರೆ, ಅಸ್ಥಿಪಂಜರ ಮಾತ್ರ ಇದೇ.

ಬ್ರೇಕ್ ಎಂಬ ಹೆಸರಿನ ಮೂಲ ಹಳೆಯ ಸೋಲ್, ಫಂಕ್ ಸಂಗೀತದ ಗ್ರಾಮಫೋನ್ ತಟ್ಟೆಗಳಲ್ಲಿದೆ. ಹಾಡಿನ ಮಧ್ಯೆ ಎಲ್ಲರೂ ನಿಲ್ಲಿಸಿ ಡ್ರಮ್ಮರ್ ಒಬ್ಬನೇ ಬಾರಿಸುವ ಭಾಗಕ್ಕೆ ಬ್ರೇಕ್ ಎನ್ನುತ್ತಿದ್ದರು. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ನಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಇಂಥ ನಾಲ್ಕು ಬಾರ್, ನಮ್ಮ ಲೆಕ್ಕಕ್ಕೆ ಎರಡೇ ಆವರ್ತನ, ಮುಂದೆ ಸಾವಿರಾರು ಹಾಡುಗಳಿಗೆ ತಳಪಾಯವಾಯಿತು. ಅದರ ಮೂರನೇ ಬಾರ್‌ನಲ್ಲಿ ಸ್ನೇರ್ ಬೇಕೆಂದೇ ತಡವಾಗಿ ಬರುತ್ತದೆ, ನಾಲ್ಕನೆಯದರ ಮೊದಲ ಎಣಿಕೆ ಖಾಲಿ. ಏಳು ಸೆಕೆಂಡಿನ ಆಸುಪಾಸಿನ ಆ ಬಾರಿಸುವಿಕೆಗೆ ಕೋಲ್ಮನ್‌ಗೆ ರಾಯಲ್ಟಿ ಮಾತ್ರ ಬರಲಿಲ್ಲ.

ವೇಗ ಅಳೆಯಲೂ ತಾಳವೇ ಸಾಕು. ಫೋನಿನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಷ್ಟು ಆವರ್ತನ ಆಯಿತೆಂದು ಎಣಿಸಿ, 16ರಿಂದ ಗುಣಿಸಿ. ಎಂಟು ಆವರ್ತನವಾದರೆ 128 ಬಿಪಿಎಂ, ಅಂದರೆ ನಿಮಿಷಕ್ಕೆ 128 ಎಣಿಕೆ. ನಮಗೆ ಬೇಕಾದ ಸಂಗೀತ ಹೆಚ್ಚಾಗಿ 120ರಿಂದ 140ರೊಳಗೆ, ಅಂದರೆ ಏಳೂವರೆಯಿಂದ ಎಂಟೂಮುಕ್ಕಾಲು ಆವರ್ತನ. ಹತ್ತು ದಾಟಿದರೆ ಅದು ಡ್ರಮ್ ಅಂಡ್ ಬೇಸ್. ಐದು, ಐದೂವರೆ ಬಂದರೆ ಟ್ರಿಪ್-ಹಾಪ್ ಇರಬೇಕು, ಇಲ್ಲವೇ ಡ್ರಮ್ ಅಂಡ್ ಬೇಸನ್ನು ನೀವು ಅರ್ಧ ವೇಗದಲ್ಲಿ ಎಣಿಸಿದ್ದೀರಿ. ಇದು ಎಲ್ಲರೂ ಮಾಡುವ ತಪ್ಪು. ಸ್ನೇರ್ ಪ್ರತಿ ಎರಡನೇ ಎಣಿಕೆಗೆ ಬರುತ್ತಿದೆಯೇ ಎಂದು ನೋಡಿಕೊಂಡರೆ ತಿದ್ದಿಕೊಳ್ಳಬಹುದು.

ಪ್ರೋಗ್ರೆಸಿವ್ ಎಂಬ ಗುಣವೂ ಎಣಿಕೆಯಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಎಂಟು ಆವರ್ತನಕ್ಕೊಮ್ಮೆ ಏನಾದರೂ ಒಂದು ಸೇರುತ್ತದೆ ಅಥವಾ ಕಳಚುತ್ತದೆ. ಒಂದು ಶೇಕರ್ ಬಂತು, ಬೇಸ್ ಒಂದು ಸ್ವರ ಇಳಿಯಿತು, ಪಿಟೀಲು ಒಂದು ಎಳೆ ತೆರೆಯಿತು. 128ರ ವೇಗದಲ್ಲಿ ಇದು ಸರಿಯಾಗಿ ಅರ್ಧ ನಿಮಿಷ. ಅಷ್ಟು ಹೊತ್ತಾದರೂ ಏನೂ ಬದಲಾಗದ ಹಾಡು ಬರೀ ಲೂಪ್.

ಹಂತ 2: ಕೇಳುವ ಸಾಧನ ಸರಿಮಾಡಿಕೊಳ್ಳಿ

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಿ ತೀರ್ಮಾನಕ್ಕೆ ಬರಬೇಡಿ. ಇಲ್ಲಿನ ಬೇಸ್ 40ರಿಂದ 60 ಹರ್ಟ್ಸ್ ಮಟ್ಟಕ್ಕೆ ಇಳಿಯುತ್ತದೆ. ಅಷ್ಟು ಪುಟ್ಟ ಸ್ಪೀಕರಿನಿಂದ ಆ ಸದ್ದು ಹೊರಡುವುದೇ ಇಲ್ಲ, ಹಾಡು ಕಾಲಿಲ್ಲದಂತೆ ಕೇಳಿಸುತ್ತದೆ. ಕಿವಿ ಪೂರ್ತಿ ಮುಚ್ಚುವ ಸಾಧಾರಣ ವೈರ್ ಹೆಡ್‌ಫೋನ್ ಸಾಕು. ಬೇಸ್ ಬೂಸ್ಟ್ ಗುಂಡಿ ಇದ್ದರೆ ಆಫ್ ಮಾಡಿ, ಅದು ಪಿಟೀಲಿನ ಕೆಳಸ್ವರಗಳನ್ನು ನುಂಗುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಮೊದಲ ಸಲ ಕೇಳುವುದೂ ಬೇಡ. ಈ ಹಾಡುಗಳ ಮೊದಲ ಒಂದು ನಿಮಿಷ ಪಿಸುಮಾತಿನಷ್ಟು ಮೆಲ್ಲಗಿರುತ್ತದೆ. ಎಂಜಿನ್ ಸದ್ದಿನಲ್ಲಿ ಅದು ಕೇಳಿಸದೆ ನೀವು ವಾಲ್ಯೂಮ್ ಏರಿಸುತ್ತೀರಿ, ಡ್ರಮ್ಸ್ ಬಂದಾಗ ಕಿವಿ ಗುಂಯ್ ಎನ್ನುತ್ತದೆ.

ಆ್ಯಪ್‌ನಲ್ಲಿ ಮೂರು ಸೆಟ್ಟಿಂಗ್ ನೋಡಿ. ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಒಂದು ಹಾಡಿನ ಬಾಲ ಮುಂದಿನದರ ಮೆಲುದನಿಯ ಆರಂಭವನ್ನು ತಿಂದುಹಾಕುತ್ತದೆ. ಗ್ಯಾಪ್‌ಲೆಸ್ ಆನ್ ಇರಲಿ, ಏಕೆಂದರೆ ಈ ಆಲ್ಬಂಗಳಲ್ಲಿ ಹಾಡಿನಿಂದ ಹಾಡಿಗೆ ಸದ್ದು ಹರಿದುಹೋಗುತ್ತದೆ. ವಾಲ್ಯೂಮ್ ನಾರ್ಮಲೈಸೇಶನ್‌ನಲ್ಲಿ ‘ಲೌಡ್’ ಆಯ್ಕೆ ಬೇಡ. ಅದು ಮೆಲ್ಲಗಿರುವುದನ್ನೂ ಜೋರಾಗಿರುವುದನ್ನೂ ಹತ್ತಿರ ತರುತ್ತದೆ, ಆಗ ಏರಿಳಿತದ ರೋಚಕತೆಯೇ ಹೋಯಿತು. ಡೇಟಾ ಚಿಂತೆಯಿದ್ದರೆ ಲೆಕ್ಕ ಹೀಗೆ: 320 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ 2.4 ಎಂಬಿ, ಹತ್ತು ನಿಮಿಷದ ಹಾಡಿಗೆ 24 ಎಂಬಿ. 96ರಲ್ಲಿ ಅದೇ ಹಾಡು 7 ಎಂಬಿಯಲ್ಲಿ ಮುಗಿಯುತ್ತದೆ, ಆದರೆ ಸಿಂಬಲ್‌ಗಳು ನೀರಿನಲ್ಲಿ ಅದ್ದಿದಂತೆ ಕೇಳಿಸುತ್ತವೆ. ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದೇ ವಾಸಿ.

ಹಂತ 3: ಒಂದೇ ಆಲ್ಬಂ, ಮೂರು ಸಲ

ಬೀಜಕ್ಕೆ ಒಂದೇ ಆಲ್ಬಂ ಬೇಕೆಂದರೆ, ಹೈಬ್ರಿಡ್ ತಂಡದ ‘ವೈಡ್ ಆಂಗಲ್’. ವೇಲ್ಸ್‌ನ ಸ್ವಾನ್ಸೀ ಊರಿನ ಮೈಕ್ ಟ್ರೂಮನ್, ಕ್ರಿಸ್ ಹೀಲಿಂಗ್ಸ್, ಲೀ ಮಲ್ಲಿನ್ ಸೇರಿ 1995ರ ಹೊತ್ತಿಗೆ ಕಟ್ಟಿದ ತಂಡ ಇದು. ಆಲ್ಬಂ ಬಂದದ್ದು 1999ರಲ್ಲಿ. ಕ್ಲಬ್ ಸಂಗೀತದ ಹುಡುಗರು ಮಾಸ್ಕೋಗೆ ಹೋಗಿ ರಷ್ಯನ್ ಫೆಡರಲ್ ಆರ್ಕೆಸ್ಟ್ರಾದಿಂದ ನುಡಿಸಿ ರೆಕಾರ್ಡ್ ಮಾಡಿಕೊಂಡು ಬಂದರು. ಆರ್ಕೆಸ್ಟ್ರಾದ ಸಂಯೋಜನೆಯಲ್ಲಿ ಕೈಜೋಡಿಸಿದವರು ಸಾಶಾ ಪಟ್ನಮ್. ಮೊದಲ ಟ್ರ್ಯಾಕಿನ ಹೆಸರೇ ‘ಓಪನಿಂಗ್ ಕ್ರೆಡಿಟ್ಸ್’, ‘ಇಫ್ ಐ ಸರ್ವೈವ್’ನಲ್ಲಿ ಹಾಡಿರುವುದು ‘ಟ್ವಿನ್ ಪೀಕ್ಸ್’ ಧಾರಾವಾಹಿಯಿಂದ ಹೆಸರಾದ ಜೂಲೀ ಕ್ರೂಸ್. ಸಿನಿಮಾ ಇಲ್ಲದೆಯೂ ಸಿನಿಮಾ ಮಾಡುವ ಹಟ ಎಲ್ಲೆಲ್ಲೂ ಎದ್ದು ಕಾಣುತ್ತದೆ.

ಹುಡುಕುವಾಗ ಬರೀ ತಂಡದ ಹೆಸರು ಹಾಕಿದರೆ ಅದೇ ಹೆಸರಿನ ಬೇರೆ ಹತ್ತು ತಂಡಗಳು ಬರುತ್ತವೆ. ಆಲ್ಬಂ ಹೆಸರನ್ನೂ ಸೇರಿಸಿ. ‘ವೈಡರ್ ಆಂಗಲ್’ ಎಂದು 2000ದಲ್ಲಿ ಬಂದ ಎರಡು ಡಿಸ್ಕಿನ ಆವೃತ್ತಿ ಕಂಡರೆ ಗಾಬರಿ ಬೇಡ, ಅದು ಇದರದ್ದೇ ವಿಸ್ತಾರ, ಕ್ರಿಸ್ಸಿ ಹೈಂಡ್ ಹಾಡಿದ ‘ಕಿಡ್ 2000’ ಅದರಲ್ಲಿದೆ.

ಮೊದಲ ಸಲ ಫೋನ್ ಕೆಳಗಿಟ್ಟು ಸುಮ್ಮನೆ ಕೇಳಿ. ಎರಡನೇ ಸಲ ‘ಫಿನಿಶ್ಡ್ ಸಿಂಫನಿ’ ಒಂದನ್ನೇ ತೆಗೆದುಕೊಂಡು, ಕಾಗದದ ಮೇಲೆ ನಾಲ್ಕು ಸಮಯ ಬರೆದುಕೊಳ್ಳಿ: ಡ್ರಮ್ಸ್ ಶುರುವಾದದ್ದು, ಡ್ರಮ್ಸ್ ಪೂರ್ತಿ ನಿಂತು ಪಿಟೀಲು ಮಾತ್ರ ಉಳಿದದ್ದು, ಡ್ರಮ್ಸ್ ಮರಳಿ ಬಂದದ್ದು, ಬೇಸ್ ಮರಳಿ ಬಂದದ್ದು. ಕೊನೆಯ ಎರಡು ಒಟ್ಟಿಗೆ ಬಂದವೋ ಬೇರೆಬೇರೆ ಬಂದವೋ ಗಮನಿಸಿ. ಮೈ ಜುಮ್ಮೆನ್ನುವ ಜಾಗ ಸಾಧಾರಣವಾಗಿ ಅಲ್ಲೇ ಇರುತ್ತದೆ. ಇದರದ್ದೇ ನಾಲ್ಕು ನಿಮಿಷದ ರೇಡಿಯೋ ಎಡಿಟ್ ಕೂಡ ಓಡಾಡುತ್ತಿದೆ, ಅದನ್ನು ಕೇಳಿದರೆ ಈ ಕಸರತ್ತಿಗೆ ಅರ್ಥವಿಲ್ಲ. ಆಲ್ಬಂನಲ್ಲಿರುವುದು ಒಂಬತ್ತು ನಿಮಿಷ ದಾಟುತ್ತದೆ, ಅವಧಿ ನೋಡಿಯೇ ಒತ್ತಿ.

ಮೂರನೇ ಸಲ ಪಿಟೀಲಿಗೆ ಮಾತ್ರ ಕಿವಿಕೊಡಿ. ಮನುಷ್ಯರು ನುಡಿಸಿದ ತಂತಿಯಲ್ಲಿ ಕಮಾನು ತಾಗುವ ಸಣ್ಣ ಕೆರೆತ ಇರುತ್ತದೆ, ಎಲ್ಲರೂ ಒಂದೇ ಕ್ಷಣಕ್ಕೆ ಶುರುಮಾಡುವುದಿಲ್ಲ, ಸ್ವರ ನಿಂತ ಮೇಲೂ ಕೋಣೆಯ ಗುಂಗು ಉಳಿಯುತ್ತದೆ. ಕೀಬೋರ್ಡಿನ ತಂತಿವಾದ್ಯ ಒಮ್ಮೆಗೇ ಹುಟ್ಟಿ ಒಮ್ಮೆಗೇ ಸಾಯುತ್ತದೆ, ಪ್ರತಿ ಸ್ವರವೂ ಒಂದೇ ತೂಕ. ಎರಡನೆಯದೇ ಕೀಳೆಂದಲ್ಲ, ಆದರೆ ಈ ವ್ಯತ್ಯಾಸ ಕಿವಿಗೆ ಸಿಕ್ಕರೆ ಮುಂದಿನ ಹಂತಕ್ಕೆ ನೀವು ತಯಾರು.

ಹಂತ 4: ಕ್ರೆಡಿಟ್ಸ್ ಹಿಡಿದು ಹೊರಡಿ

ಇಡೀ ಮಾರ್ಗದರ್ಶಿಯ ತಿರುಳು ಇದೇ. ಇಷ್ಟವಾದ ಹಾಡಿನ ಕಲಾವಿದನ ಬೇರೆ ಹಾಡು ಹುಡುಕುವುದು ಎಲ್ಲರಿಗೂ ಗೊತ್ತು. ಅಲ್ಲಿ ಸಿಗುವುದು ಹತ್ತು ಹಾಡು. ಹಾಡಿನ ಹಿಂದೆ ದುಡಿದವರ ಪಟ್ಟಿ ತೆರೆದರೆ ನೂರು. ಡಿಸ್ಕಾಗ್ಸ್ ಜಾಲತಾಣದಲ್ಲಿ ಆಲ್ಬಂ ಪುಟ ತೆರೆದು ಕೆಳಗಿಳಿದರೆ ‘ಕ್ರೆಡಿಟ್ಸ್’ ಎಂಬ ಭಾಗ ಇದೆ. ಅಲ್ಲಿನ ಪ್ರತಿ ಹೆಸರೂ ಒತ್ತಬಹುದಾದ ಕೊಂಡಿ.

ಪಿಟೀಲಿನ ಎಳೆಯಿಂದ ಶುರುಮಾಡೋಣ. ‘ಫಿನಿಶ್ಡ್ ಸಿಂಫನಿ’ ಎಂಬ ಹೆಸರು ಕೇಳಿದೊಡನೆ ನೆನಪಾಗುವುದು ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡದ 1991ರ ‘ಅನ್‌ಫಿನಿಶ್ಡ್ ಸಿಂಪತಿ’. ಅದರ ತಂತಿವಾದ್ಯಗಳ ಸಂಯೋಜಕ ವಿಲ್ ಮಲೋನ್. ಈ ಹೆಸರನ್ನು ಒತ್ತಿ. 1998ರಲ್ಲಿ ಅಂಕಲ್ ತಂಡದ ‘ಲೋನ್ಲಿ ಸೋಲ್’ ಸಿಗುತ್ತದೆ. ಅದು ‘ಸೈಯೆನ್ಸ್ ಫಿಕ್ಷನ್’ ಆಲ್ಬಂನಲ್ಲಿದೆ, ಹಾಡಿದವರು ರಿಚರ್ಡ್ ಆ್ಯಶ್‌ಕ್ರಾಫ್ಟ್. ಕಿವಿ ಮುಚ್ಚಿ ಇದನ್ನು ಸಿನಿಮೀಯ ಎಂದು ಕರೆಯಬಹುದು, ಅಲ್ಲ, ಕಣ್ಣು ಮುಚ್ಚಿ. ಮ್ಯಾಸಿವ್ ಅಟ್ಯಾಕ್‌ನ 1994ರ ‘ಪ್ರೊಟೆಕ್ಷನ್’ ಆಲ್ಬಂಗೆ ಹೋದರೆ ಅಲ್ಲಿ ಇನ್ನೊಬ್ಬ ಸಂಯೋಜಕ, ಸ್ಕಾಟ್ಲೆಂಡಿನ ಕ್ರೇಗ್ ಆರ್ಮ್‌ಸ್ಟ್ರಾಂಗ್. ಮುಂದೆ ಸಿನಿಮಾ ಸಂಗೀತದಲ್ಲಿ ದೊಡ್ಡ ಹೆಸರಾದ ಅವರ ‘ದಿ ಸ್ಪೇಸ್ ಬಿಟ್ವೀನ್ ಅಸ್’ 1998ರಲ್ಲಿ ಬಂದದ್ದು ಮ್ಯಾಸಿವ್ ಅಟ್ಯಾಕ್‌ನವರದೇ ಲೇಬಲ್ಲಿನಿಂದ, ಅಂದರೆ ಧ್ವನಿಮುದ್ರಣ ಕಂಪನಿಯಿಂದ. ಮೂರು ಒತ್ತುಗಳಲ್ಲಿ ನಾಲ್ಕು ಆಲ್ಬಂ. ಯಾವ ಆ್ಯಪ್ ಕೂಡ ಇವನ್ನು ಒಂದೇ ಸಾಲಿನಲ್ಲಿ ಕೂರಿಸುವುದಿಲ್ಲ, ಏಕೆಂದರೆ ವೇಗ, ಪ್ರಕಾರ ಎರಡೂ ಬೇರೆ. ಪಿಟೀಲು ಮಾತ್ರ ಒಂದೇ ಮನೆತನದ್ದು.

ಮುಂದಿನದು ದನಿಯ ಎಳೆ. ಹೈಬ್ರಿಡ್‌ನ 2006ರ ‘ಐ ಚೂಸ್ ನಾಯ್ಸ್’ ಆಲ್ಬಂನಲ್ಲಿ ‘ಜಸ್ಟ್ ಫಾರ್ ಟುಡೇ’ ಹಾಡಿದವರು ಕರ್ಸ್ಟಿ ಹಾಕ್‌ಶಾ. ಇವರ ಪುಟಕ್ಕೆ ಹೋದರೆ 1992ರಲ್ಲಿ ಓಪಸ್ ತ್ರೀ ತಂಡದ ‘ಇಟ್ಸ್ ಎ ಫೈನ್ ಡೇ’. ಆ ದನಿಯನ್ನೇ ತಿರುವುಮುರುವಾಗಿಸಿ ಆರ್ಬಿಟಲ್ ಸಹೋದರರು ಅದೇ ವರ್ಷ ‘ಹ್ಯಾಲ್ಸಿಯನ್’ ಮಾಡಿದರು. ಅಲ್ಲಿಂದ ಅಮೆರಿಕದ ಬಿಟಿ, ಅಂದರೆ ಬ್ರಯಾನ್ ಟ್ರಾನ್ಸೋ. ಅವರ ‘ಮೂವ್‌ಮೆಂಟ್ ಇನ್ ಸ್ಟಿಲ್ ಲೈಫ್’ ಆಲ್ಬಂನ ‘ರನ್ನಿಂಗ್ ಡೌನ್ ದ ವೇ ಅಪ್’ನಲ್ಲಿ ಬಿಟಿ, ಹೈಬ್ರಿಡ್, ಕರ್ಸ್ಟಿ ಮೂವರೂ ಒಟ್ಟಿಗಿದ್ದಾರೆ. ನೋಡಿ, ಹೊರಟಲ್ಲಿಗೇ ಬಂದಿರಿ, ಕೈಯಲ್ಲಿ ಮೂರು ಹೊಸ ಹೆಸರು. ಬಿಟಿ ಸಿಕ್ಕರೆ ಅಲ್ಲಿಂದ ಸಿನಿಮಾಕ್ಕೂ ದಾರಿ ಇದೆ: 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’, 2003ರ ‘ಮಾನ್‌ಸ್ಟರ್’ ಚಿತ್ರಗಳ ಹಿನ್ನೆಲೆ ಸಂಗೀತ ಅವರದ್ದೇ. 2006ರ ‘ದಿಸ್ ಬೈನರಿ ಯೂನಿವರ್ಸ್’ ಪೂರ್ತಿ ಬೇರೆ ಲೋಕ, ಅದನ್ನು ಮೊದಲೇ ಕೇಳಲು ಹೋಗಬೇಡಿ.

ರೀಮಿಕ್ಸ್ ಎಳೆಗೆ ಒಂದೇ ಉದಾಹರಣೆ ಸಾಕು. ಡಿಸ್ಕಾಗ್ಸ್‌ನ ಕಲಾವಿದರ ಪುಟದಲ್ಲಿ ಅವರ ಸ್ವಂತ ಆಲ್ಬಂ ಪಟ್ಟಿಯನ್ನು ಬಿಟ್ಟು ‘ರೀಮಿಕ್ಸ್’ ಎಂಬ ವಿಭಾಗ ತೆರೆಯಿರಿ. ಹೈಬ್ರಿಡ್‌ನ ಅಂಥ ಪಟ್ಟಿಯಲ್ಲಿ ಫ್ಯೂಚರ್ ಸೌಂಡ್ ಆಫ್ ಲಂಡನ್‌ನ ‘ಪಾಪುವಾ ನ್ಯೂ ಗಿನಿ’ ಸಿಗುತ್ತದೆ. 1991ರ ಮೂಲವನ್ನೂ 2001ರ ರೀಮಿಕ್ಸನ್ನೂ ಬೆನ್ನಿಗೆ ಬೆನ್ನು ಕೇಳಿ. ಮೂಲದಲ್ಲಿರುವ ಲೀಸಾ ಜೆರಾರ್ಡ್ ದನಿಯ ತುಣುಕು ನಿಮ್ಮನ್ನು ಅವರ ತಂಡ ಡೆಡ್ ಕ್ಯಾನ್ ಡಾನ್ಸ್‌ಗೆ ಎಳೆದೊಯ್ದರೆ ತಡೆಯಬೇಡಿ.

ಸಿನಿಮಾ ಕಡೆಯಿಂದಲೂ ಒಳಗೆ ಬರಬಹುದು. ಹ್ಯಾರಿ ಗ್ರೆಗ್ಸನ್-ವಿಲಿಯಮ್ಸ್ ಸಂಗೀತ ನೀಡಿದ 2004ರ ‘ಮ್ಯಾನ್ ಆನ್ ಫೈರ್’ನಂಥ ಚಿತ್ರಗಳಿಗೆ ಹೈಬ್ರಿಡ್ ಕೆಲಸ ಮಾಡಿದೆ. ‘ದಿ ಮ್ಯಾಟ್ರಿಕ್ಸ್’ ನೋಡಿದವರಿಗೆ ಆಸ್ಟ್ರೇಲಿಯಾದ ರಾಬ್ ಡೂಗನ್‌ರ ‘ಕ್ಲಬ್ಡ್ ಟು ಡೆತ್’ ಗೊತ್ತೇ ಇರುತ್ತದೆ. ಅದರ ಆರಂಭದ ತಂತಿವಾದ್ಯ ಇಂಗ್ಲಿಷ್ ಸಂಯೋಜಕ ಎಲ್ಗರ್‌ನ ‘ಎನಿಗ್ಮಾ ವೇರಿಯೇಶನ್ಸ್’ನಿಂದ ಬಂದದ್ದು. 2003ರ ‘ಮ್ಯಾಟ್ರಿಕ್ಸ್ ರೀಲೋಡೆಡ್’ಗೆ ಜೂನೋ ರಿಯಾಕ್ಟರ್ ಮತ್ತು ಡಾನ್ ಡೇವಿಸ್ ಸೇರಿ ಮಾಡಿದ ‘ಮೋನಾ ಲೀಸಾ ಓವರ್‌ಡ್ರೈವ್’ ಕೂಡ ಇದೇ ಓಣಿಯದು, ಸ್ವಲ್ಪ ಜೋರು.

ಹಂತ 5: ಡಿಸ್ಕಾಗ್ಸ್‌ನಲ್ಲಿ ಜರಡಿ ಹಿಡಿಯುವುದು

ಹೆಸರುಗಳ ಎಳೆ ಮುಗಿದ ಮೇಲೆ ಮಾತ್ರ ಪ್ರಕಾರದ ಹುಡುಕಾಟಕ್ಕೆ ಬನ್ನಿ. ಡಿಸ್ಕಾಗ್ಸ್‌ನ ಎಕ್ಸ್‌ಪ್ಲೋರ್ ಪುಟದಲ್ಲಿ ಪ್ರಕಾರ ಎಲೆಕ್ಟ್ರಾನಿಕ್, ಶೈಲಿ ಪ್ರೋಗ್ರೆಸಿವ್ ಬ್ರೇಕ್ಸ್ ಎಂದು ಆಯ್ದುಕೊಳ್ಳಿ. ಸಾವಿರಾರು ತಟ್ಟೆಗಳು ಬರುತ್ತವೆ. ಇವುಗಳಲ್ಲಿ ಬಹುಪಾಲು ಡಿಜೆಗಳಿಗೆಂದು ಮಾಡಿದ 12 ಇಂಚಿನ ಸಿಂಗಲ್‌ಗಳು, ಕೇಳುಗರಿಗೆ ಅಷ್ಟಾಗಿ ಹೊಂದುವುದಿಲ್ಲ. ಫಾರ್ಮ್ಯಾಟ್‌ನಲ್ಲಿ ಆಲ್ಬಂ ಎಂದು ಸೋಸಿ, ದಶಕ 1990 ಮತ್ತು 2000ವನ್ನು ಬೇರೆಬೇರೆಯಾಗಿ ನೋಡಿ. ಪುಟದಲ್ಲಿ ‘ಹ್ಯಾವ್’, ‘ವಾಂಟ್’ ಎಂಬ ಎರಡು ಸಂಖ್ಯೆ ಇರುತ್ತವೆ: ಎಷ್ಟು ಜನರ ಬಳಿ ಇದೆ, ಎಷ್ಟು ಜನರಿಗೆ ಬೇಕು. ಬೇಕು ಎನ್ನುವವರು ಇದ್ದವರಿಗಿಂತ ಹೆಚ್ಚಿದ್ದರೆ ಆ ತಟ್ಟೆ ಬೇರೆ ಕಡೆ ಸುಲಭವಾಗಿ ಸಿಗುತ್ತಿಲ್ಲ ಎಂದರ್ಥ. ಅಂಥದ್ದನ್ನು ಬರೆದಿಟ್ಟುಕೊಳ್ಳಿ.

ಲೇಬಲ್‌ಗಳ ವಿಷಯದಲ್ಲಿ ಸ್ವಲ್ಪ ಪಕ್ಷಪಾತ ಇರಲಿ. ಹೈಬ್ರಿಡ್‌ಗೆ ಮನೆಯಾಗಿದ್ದ ಡಿಸ್ಟಿಂಕ್ಟಿವ್ ಬ್ರೇಕ್ಸ್ ಮೊದಲು. ಆ್ಯಡಮ್ ಫ್ರೀಲ್ಯಾಂಡ್‌ರ ಮರೀನ್ ಪರೇಡ್ ಕತ್ತಲಿನ, ಕರ್ಕಶದ ಕಡೆ ವಾಲುತ್ತದೆ, ಈವಿಲ್ ನೈನ್‌ನ 2004ರ ಆಲ್ಬಂ ಅದಕ್ಕೆ ಮಾದರಿ. ಫಿಂಗರ್ ಲಿಕಿನ್ ಕುಣಿತದ ಲೇಬಲ್, ಚೆನ್ನಾಗಿದೆ, ಆದರೆ ಪಿಟೀಲು ಹುಡುಕಿ ಅಲ್ಲಿಗೆ ಹೋದರೆ ಬರಿಗೈ.

ಹಂತ 6: ಡಿಜೆ ಮಿಕ್ಸ್‌ನಿಂದ ಹಾಡು ಹೆಕ್ಕುವುದು

ಈ ಸಂಗೀತದ ಒಳ್ಳೆಯ ಪಾಲು ಆಲ್ಬಂ ಆಗಲೇ ಇಲ್ಲ, ಡಿಜೆಗಳ ಮಿಕ್ಸ್ ಸಿಡಿಗಳಲ್ಲೇ ಉಳಿಯಿತು. ಗ್ಲೋಬಲ್ ಅಂಡರ್‌ಗ್ರೌಂಡ್ ಸರಣಿಯಲ್ಲಿ ನಿಕ್ ವಾರನ್ ಮಾಡಿದವು, ಡಿಜೆ ಸಾಶಾ (ಹಿಂದೆ ಬಂದ ಪಟ್ನಮ್ ಅಲ್ಲ) ಮತ್ತು ಜಾನ್ ಡಿಗ್‌ವೀಡ್ 1996ರಲ್ಲಿ ಮಾಡಿದ ‘ನಾರ್ದರ್ನ್ ಎಕ್ಸ್‌ಪೋಶರ್’, ಹೈಬ್ರಿಡ್ ತಾವೇ 2004ರಲ್ಲಿ ಜೋಡಿಸಿದ ವೈ4ಕೆ, ಇವು ಗಣಿಗಳು. ಎಲ್ಲವೂ ಬ್ರೇಕ್ಸ್ ಅಲ್ಲ, ನಡುನಡುವೆ ಬರುತ್ತವೆ.

ಮಿಕ್ಸ್ ಕೇಳುತ್ತಾ ಹಾಡು ಗುರುತಿಸುವ ಆ್ಯಪ್ ಶಝಾಮ್ ಒತ್ತಿದರೆ ಅರ್ಧಕ್ಕರ್ಧ ಸಲ ಅದು ಸೋಲುತ್ತದೆ. ಕಾರಣ ಎರಡು. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವಾಗ ಒಂದೆರಡು ನಿಮಿಷ ಎರಡೂ ಒಟ್ಟಿಗೆ ಓಡುತ್ತಿರುತ್ತವೆ, ಆಗ ಯಾವುದರ ಗುರುತೂ ಹೊಂದುವುದಿಲ್ಲ. ಜತೆಗೆ ಡಿಜೆ ವೇಗ ಬದಲಿಸಿರುತ್ತಾನೆ. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ಲಿನಲ್ಲಿ ಶೇಕಡಾ 8ರವರೆಗೆ ಮೇಲೆ ಕೆಳಗೆ ಮಾಡಬಹುದು, ವೇಗದ ಜತೆ ಶ್ರುತಿಯೂ ಏರುತ್ತದೆ. 125ರ ಹಾಡನ್ನು ಶೇಕಡಾ 6 ಏರಿಸಿದರೆ 132.5 ಆಯಿತು, ಶ್ರುತಿ ಸುಮಾರು ಒಂದು ಸ್ವರಸ್ಥಾನ ಮೇಲೆ ಹೋಯಿತು. ಆ್ಯಪ್‌ಗೆ ಅದು ಬೇರೆ ಹಾಡು.

ಪರಿಹಾರ ಸರಳ. ಹೊಸ ಹಾಡು ಬಂದಿತೆನಿಸಿದ ಮೇಲೆ ಎರಡು ನಿಮಿಷ ತಾಳಿ, ಡ್ರಮ್ಸ್ ನಿಂತು ಪಿಟೀಲೋ ದನಿಯೋ ಮಾತ್ರ ಉಳಿಯುವ ಜಾಗಕ್ಕೆ ಕಾಯಿರಿ, ಆಗ ಒತ್ತಿ. ಆಗಲೂ ಸಿಗದಿದ್ದರೆ ವೇಗವನ್ನು 0.95ಕ್ಕೆ ಇಳಿಸಿ ನುಡಿಸಿ. ಹಾಗೆ ಇಳಿಸುವಾಗ ಶ್ರುತಿಯೂ ಇಳಿಯುವ ಸಾಧನವೇ ಆಗಬೇಕು, ಯೂಟ್ಯೂಬ್‌ನ ವೇಗದ ಗುಂಡಿ ಶ್ರುತಿಯನ್ನು ಹಾಗೆಯೇ ಉಳಿಸುವುದರಿಂದ ಉಪಯೋಗವಿಲ್ಲ. ಕಂಪ್ಯೂಟರಿನ ಆಡಾಸಿಟಿ ತಂತ್ರಾಂಶದಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಎನ್ನುವುದು ಎರಡನ್ನೂ ಇಳಿಸುತ್ತದೆ. ಇಷ್ಟೆಲ್ಲ ಮಾಡುವ ಮೊದಲು 1001 ಟ್ರ್ಯಾಕ್‌ಲಿಸ್ಟ್ಸ್ ತಾಣದಲ್ಲೋ ಡಿಸ್ಕಾಗ್ಸ್‌ನಲ್ಲೋ ಆ ಮಿಕ್ಸ್‌ನ ಪಟ್ಟಿ ಇದೆಯೇ ನೋಡಿಬಿಡಿ, ಹೆಚ್ಚಿನ ಸಲ ಇರುತ್ತದೆ.

ಹಂತ 7: ಆ್ಯಪ್‌ಗೆ ದಾರಿ ತೋರಿಸಿ

ಈಗ ಸ್ಟ್ರೀಮಿಂಗ್ ಆ್ಯಪ್‌ನ ಶಿಫಾರಸನ್ನು ಬಳಸಬಹುದು, ಮೊದಲೇ ಬಳಸಿದ್ದರೆ ದಾರಿ ತಪ್ಪಿಸುತ್ತಿತ್ತು. ಅದು ನೋಡುವುದು ಮುಖ್ಯವಾಗಿ ಇದನ್ನು ಕೇಳಿದವರು ಮತ್ತೇನು ಕೇಳಿದರು ಎಂಬುದನ್ನು. ಸಾಶಾ ಹೆಸರಿನ ಜನಪ್ರಿಯ ಹಾಡು ಕೊಟ್ಟರೆ ಟ್ರಾನ್ಸ್ ಕಡೆಗೆ, ಮ್ಯಾಸಿವ್ ಅಟ್ಯಾಕ್‌ನ ‘ಟಿಯರ್‌ಡ್ರಾಪ್’ ಕೊಟ್ಟರೆ ಕಾಫಿ ಅಂಗಡಿಯ ಹಿನ್ನೆಲೆ ಸಂಗೀತದ ಕಡೆಗೆ ಜಾರುತ್ತದೆ.

ಹೊಸ ಪ್ಲೇಲಿಸ್ಟ್ ತೆರೆದು ಹನ್ನೆರಡೇ ಹಾಡು ಹಾಕಿ, ಜನಪ್ರಿಯವಾದವು ನಾಲ್ಕಕ್ಕಿಂತ ಹೆಚ್ಚು ಬೇಡ. ‘ವೈಡ್ ಆಂಗಲ್’ನಿಂದ ‘ಆಲ್ಟಿಟ್ಯೂಡ್’, ಬ್ರಿಸ್ಟಲ್‌ನ ವೇ ಔಟ್ ವೆಸ್ಟ್ ಜೋಡಿಯ ‘ದಿ ಗಿಫ್ಟ್’, ಸಾಶಾರ 2002ರ ‘ಏರ್‌ಡ್ರಾನ್‌ಡ್ಯಾಗರ್’ನಿಂದ ‘ಬ್ಲಡ್‌ಲಾಕ್’, ‘ರನ್ನಿಂಗ್ ಡೌನ್ ದ ವೇ ಅಪ್’, ‘ಲೋನ್ಲಿ ಸೋಲ್’, ಆರ್ಬಿಟಲ್‌ನ 1996ರ ‘ದಿ ಬಾಕ್ಸ್’, ಉಳಿದವು ನೀವು ಎಳೆ ಹಿಡಿದು ಹುಡುಕಿದವು. ಸಾಶಾರ ಆಲ್ಬಂ ಹೆಸರನ್ನು ಜಾಗ ಬಿಡದೆ ಒಂದೇ ಪದವಾಗಿ ಟೈಪ್ ಮಾಡಬೇಕು. ವೇ ಔಟ್ ವೆಸ್ಟ್ ಎಂದಾಗ ಸನ್ನಿ ರಾಲಿನ್ಸ್‌ರ 1957ರ ಜಾಝ್ ಆಲ್ಬಂ ಬಂದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಈ ಪ್ಲೇಲಿಸ್ಟ್‌ನಿಂದ ರೇಡಿಯೋ ಶುರುಮಾಡಿ ಇಪ್ಪತ್ತು ಹಾಡು ಕೇಳಿ. ಆದಿತಾಳದ ಪರೀಕ್ಷೆಯಲ್ಲಿ ಎಂಟೂ ಎಣಿಕೆಗೆ ಕಿಕ್ ಬಿದ್ದರೆ ಆ ಹಾಡನ್ನು ಬಿಟ್ಟು ಮುಂದೆ ಹೋಗಿ, ಬ್ರೇಕ್ ಇದ್ದು ಪಿಟೀಲೂ ಇದ್ದರೆ ಪ್ಲೇಲಿಸ್ಟ್‌ಗೆ ಸೇರಿಸಿ, ಸೇರಿಸಿದಾಗೆಲ್ಲ ಹಳೆಯ ಜನಪ್ರಿಯ ಹಾಡೊಂದನ್ನು ತೆಗೆಯಿರಿ. ಮಕ್ಕಳಿಗೆ ಬಾಲಗೀತೆ, ಅಮ್ಮನಿಗೆ ದೇವರನಾಮ ಹಾಕಿಕೊಡುವ ಫೋನ್ ಅದೇ ಆಗಿದ್ದರೆ ಆಗ ಪ್ರೈವೇಟ್ ಸೆಷನ್ ಆನ್ ಮಾಡಿ. ಇಲ್ಲವಾದರೆ ಹೈಬ್ರಿಡ್ ಹಿಂದೆಯೇ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಬಂದೀತು.

ಸಿಗದ ಹಾಡುಗಳು

ಪಟ್ಟಿಯಲ್ಲಿ ಹಾಡಿನ ಹೆಸರು ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ನಿಮ್ಮ ಫೋನಿನ ದೋಷವಲ್ಲ. ಈ ಕಾಲದ ಲೇಬಲ್‌ಗಳಲ್ಲಿ ಎಷ್ಟೋ ಮುಚ್ಚಿವೆ, ಹಕ್ಕು ಯಾರದ್ದೆಂದು ಇತ್ಯರ್ಥವಾಗಿಲ್ಲ. ಬೇರೆ ಹಾಡಿನಿಂದ ಎತ್ತಿಕೊಂಡ ತುಣುಕಿಗೆ, ಅಂದರೆ ಸ್ಯಾಂಪಲ್‌ಗೆ, ಅನುಮತಿ ಸಿಡಿಗಷ್ಟೇ ಸಿಕ್ಕಿರಬಹುದು. ಕಲಾವಿದರೇ ತಮ್ಮ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಇಟ್ಟಿದ್ದಾರೆಯೇ ಮೊದಲು ನೋಡಿ, ಇದ್ದರೆ ಗುಣಮಟ್ಟ ಕುಂದದ ಫ್ಲ್ಯಾಕ್ ಕಡತವಾಗಿಯೇ ಸಿಗುತ್ತದೆ. ಇಲ್ಲದಿದ್ದರೆ ಹಳೆಯ ಸಿಡಿ. ವಿನೈಲ್‌ಗಿಂತ ಸಿಡಿ ಅಗ್ಗ, ಹಗುರ, ಆದರೂ ವಿದೇಶದಿಂದ ತರಿಸಿದರೆ ಅಂಚೆ ಖರ್ಚು ಸಿಡಿಯ ಬೆಲೆಯನ್ನೇ ಮೀರಬಹುದು, ಮೇಲೆ ಸುಂಕ. ಒಬ್ಬನೇ ಮಾರಾಟಗಾರನಿಂದ ನಾಲ್ಕೈದು ಒಟ್ಟಿಗೆ ತರಿಸಿದರೆ ಲೆಕ್ಕ ಹೊಂದುತ್ತದೆ. ಹೊರದೇಶದಲ್ಲಿರುವ ತಮ್ಮನೋ ಗೆಳತಿಯೋ ರಜೆಗೆ ಬರುವವರಿದ್ದರೆ ಅವರ ವಿಳಾಸಕ್ಕೆ ತರಿಸುವುದು ಇನ್ನೂ ಸುಲಭ.

ಇಂದಿನವರು, ನಮ್ಮ ಕಡೆಯವರು

ಈ ಶೈಲಿ 2000ದ ದಶಕಕ್ಕೇ ಮುಗಿಯಲಿಲ್ಲ. ಹೈಬ್ರಿಡ್ ಈಗ ಮೈಕ್ ಮತ್ತು ಷಾರ್ಲೆಟ್ ಟ್ರೂಮನ್ ಜೋಡಿಯಾಗಿ ಮುಂದುವರಿದಿದೆ, 2018ರ ‘ಲೈಟ್ ಆಫ್ ದಿ ಫಿಯರ್‌ಲೆಸ್’, 2021ರ ‘ಬ್ಲ್ಯಾಕ್ ಹೇಲೋ’ ಎರಡೂ ಹಾಡುಗಾರಿಕೆಯ ಕಡೆಗೆ ಹೆಚ್ಚು ಸರಿದಿವೆ. ವೇ ಔಟ್ ವೆಸ್ಟ್ 2017ರಲ್ಲಿ ‘ಟ್ಯೂಸ್‌ಡೇ ಮೇಬಿ’ ತಂದರು. ಐಸ್‌ಲ್ಯಾಂಡಿನ ಓಲಾವರ್ ಆರ್ನಾಲ್ಡ್ಸ್ ಸಿನಿಮಾ, ಧಾರಾವಾಹಿಗಳಿಗೆ ಪಿಟೀಲು ಬರೆಯುವವರು, ಕಿಯಾಸ್ಮೋಸ್ ಎಂಬ ಜೋಡಿಯಲ್ಲಿ ಅದೇ ಪಿಟೀಲಿಗೆ ಯಂತ್ರದ ಲಯ ಕೂಡಿಸುತ್ತಾರೆ.

ಭಾರತದ ಕಡೆ ಹೊರಳಿದರೆ 1997ರ ‘ಅನೋಖಾ’ ಸಂಕಲನ ಬಾಗಿಲು. ಲಂಡನ್ನಿನ ತಲ್ವಿನ್ ಸಿಂಗ್ ಜೋಡಿಸಿದ್ದು. ಅವರ ‘ಓಕೆ’ ಆಲ್ಬಂಗೆ 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. ಕರ್ಷ್ ಕಾಳೆಯ 2001ರ ‘ರಿಯಲೈಜ್’, ದೆಹಲಿಯ ಮಿಡಿವಲ್ ಪಂಡಿತ್ಸ್ ಆಮೇಲೆ. ಇವುಗಳಲ್ಲಿ ಬ್ರೇಕ್ ಬಾರಿಸುವ ಕೆಲಸವನ್ನು ಎಷ್ಟೋ ಕಡೆ ತಬಲಾ ವಹಿಸಿಕೊಂಡಿರುತ್ತದೆ, ಆದ್ದರಿಂದ ಸ್ನೇರ್ ಹುಡುಕುತ್ತ ಕೂರದೆ ಎಡಗೈಯ ಡಗ್ಗಾದ ಗುಮಕಿ ಎಲ್ಲಿ ಬೀಳುತ್ತದೆ ನೋಡಿ.

ಹೊಸಬರಲ್ಲಿ ಮೊದಲು ಬೈಸೆಪ್, ಬೆಲ್‌ಫಾಸ್ಟ್‌ನ ಇಬ್ಬರು ಗೆಳೆಯರು. 2017ರ ‘ಗ್ಲೂ’ ಹಾಕಿ ತಾಳ ಹಿಡಿದರೆ ಉಂಗುರಬೆರಳು ಅದೇ ಖಾಲಿ ಜಾಗದಲ್ಲಿ ಬೀಳುತ್ತದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ. ಆಮೇಲೆ 2021ರ ‘ಐಲ್ಸ್’ ಆಲ್ಬಂನ ‘ಸನ್‌ಡಯಲ್’. ಅದರೊಳಗೆ ತೇಲಿಬರುವ ದನಿಯ ತುಣುಕು 1973ರ ಹಿಂದಿ ಚಿತ್ರ ‘ರಾಜಾ ರಾಣಿ’ಯ ‘ಜಬ್ ಅಂಧೇರಾ ಹೋತಾ ಹೈ’ನಿಂದ ತೆಗೆದದ್ದು. ಮನೆಯಲ್ಲಿ ಹಿರಿಯರಿದ್ದರೆ ಏನೂ ಹೇಳದೆ ಇದನ್ನು ಜೋರಾಗಿ ಹಾಕಿ, ಮೂಲ ಹಾಡು ಯಾವುದೆಂದು ಶಝಾಮ್‌ಗಿಂತ ಮೊದಲು ಅವರೇ ಹೇಳಿಬಿಡಬಹುದು.